ಬಿಲ್ ಎವಾನ್ಸ್‌ನ ಎಡಗೈ

ಅಮೆರಿಕದ ಜಾಝ್ ಪಿಯಾನೊ ವಾದಕ ಬಿಲ್ ಎವಾನ್ಸ್ ಬಗ್ಗೆ ಮಾತು ಬಂದರೆ ಸಾಕು, ಅವನ ಸ್ಪರ್ಶದ ಮಾರ್ದವ, ಪಿಯಾನೊ ಕೀಗಳಿಗೆ ಮೂಗು ತಾಗುವಷ್ಟು ಬಗ್ಗಿ ಕೂರುವ ಭಂಗಿ, ಆ ವಿಷಾದ ಇವಿಷ್ಟೇ ಸುತ್ತುತ್ತವೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಜಾಝ್ ಪಿಯಾನೊ ಕಲಿಯುವವರ ಕೈಗೆ ಅವನಿಂದ ನಿಜವಾಗಿ ದಾಟಿಬಂದದ್ದು ಎಡಗೈಯ ನಾಲ್ಕು ಸ್ವರ. ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ರೂಟ್ ಅನ್ನೇ, ಅಂದರೆ ಅದಕ್ಕೆ ಹೆಸರು ಕೊಡುವ ಮೂಲ ಸ್ವರವನ್ನೇ, ಬಿಟ್ಟು ನುಡಿಸುವ ನಾಲ್ಕು ಸ್ವರ. ರೂಟ್ ಬಿಟ್ಟವನಿಗೆ ಅದನ್ನು ನುಡಿಸಲು ಬಾಸ್ (ಮಂದ್ರ ಸ್ವರಗಳ ದೊಡ್ಡ ತಂತಿವಾದ್ಯ) ವಾದಕ ಬೇಕೇ ಬೇಕು. ಹಾಗಾಗಿ ಎವಾನ್ಸ್‌ನ ವೃತ್ತಿಜೀವನದ ಏಳುಬೀಳನ್ನು ಅವನ ಪಕ್ಕದಲ್ಲಿ ನಿಂತ ಬಾಸ್ ವಾದಕರ ಹೆಸರು ಹಿಡಿದೇ ಹೇಳಿಬಿಡಬಹುದು.

ಹುಟ್ಟಿದ್ದು 1929ರ ಆಗಸ್ಟ್ 16, ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ. ಪಾಠ ಮೊದಲು ಶುರುವಾದದ್ದು ಅಣ್ಣ ಹ್ಯಾರಿಗೆ. ಕೇಳಿ ಕೇಳಿಯೇ ತಮ್ಮನೂ ನುಡಿಸತೊಡಗಿದ. ಪಿಯಾನೊ ಜೊತೆಗೆ ಪಿಟೀಲು, ಫ್ಲೂಟ್ ಎರಡೂ ಆದವು. ಹನ್ನೆರಡರ ಆಸುಪಾಸಿನಲ್ಲಿ ಅಣ್ಣನ ಬದಲಿಗೆ ಒಂದು ಡ್ಯಾನ್ಸ್ ಬ್ಯಾಂಡಿನಲ್ಲಿ ಕೂತವನು, ಹಾಳೆಯಲ್ಲಿ ಬರೆದಿಲ್ಲದ ಒಂದು ಚಿಕ್ಕ ಬ್ಲೂಸ್ ತಿರುವನ್ನು ಸೇರಿಸಿದ. ಬರೆದದ್ದನ್ನು ಬಿಟ್ಟು ನುಡಿಸಬಹುದು ಎಂದು ಹೊಳೆದದ್ದು ಆಗ. ಲೂಯಿಸಿಯಾನದ ಹ್ಯಾಮಂಡ್‌ನ ಸೌತ್‌ಈಸ್ಟರ್ನ್ ಲೂಯಿಸಿಯಾನ ಕಾಲೇಜಿಗೆ ಹೋದದ್ದು ಫ್ಲೂಟ್‌ಗೆ ಸಿಕ್ಕ ವಿದ್ಯಾರ್ಥಿವೇತನದ ಮೇಲೆ. 1950ರಲ್ಲಿ ಹೊರಬಿದ್ದದ್ದು ಪಿಯಾನೊ ಪದವಿ ಹಿಡಿದು. ಆಮೇಲೆ ಸೇನೆಯ ಬ್ಯಾಂಡಿನಲ್ಲಿ 1951ರಿಂದ 1954ರವರೆಗೆ ಫ್ಲೂಟ್. 1955ಕ್ಕೆ ನ್ಯೂಯಾರ್ಕ್, ಮ್ಯಾನ್ನಿಸ್ ಕಾಲೇಜಿನಲ್ಲಿ ಸಂಯೋಜನೆಯ ಪಾಠ.

1956ರಲ್ಲಿ ಎರಡು ಸಂಗತಿ ನಡೆದವು. ಸಂಯೋಜಕ ಜಾರ್ಜ್ ರಸೆಲ್‌ನ ಧ್ವನಿಮುದ್ರಣದಲ್ಲಿ ಎವಾನ್ಸ್‌ಗೆ ಒಂದು ಉದ್ದನೆಯ, ವೇಗದ ಸೋಲೊ ಸಿಕ್ಕಿತು. ಗಂಭೀರವಾಗಿ ಕೇಳುವವರು ಕಿವಿ ನಿಮಿರಿಸಿದರು. ಇನ್ನೊಂದು, ಗಿಟಾರ್ ವಾದಕ ಮಂಡೆಲ್ ಲೋ ಟೆಲಿಫೋನಿನಲ್ಲೇ ಎವಾನ್ಸ್‌ನ ಟೇಪ್ ಕೇಳಿಸಿ ರಿವರ್‌ಸೈಡ್ ಧ್ವನಿಮುದ್ರಣ ಕಂಪನಿಯ ಒರಿನ್ ಕೀಪ್‌ನ್ಯೂಸ್‌ನನ್ನು ಆಲ್ಬಮ್ ಮಾಡಲು ಒಪ್ಪಿಸಿದ್ದು. ಆ ಮೊದಲ ಆಲ್ಬಮ್ ಮೊದಲ ವರ್ಷ ಮಾರಾಟವಾದದ್ದು 800 ಪ್ರತಿ. ಮುಂದಿನ ಆಲ್ಬಮ್‌ಗೆ ಎವಾನ್ಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಒಪ್ಪಲೇ ಇಲ್ಲ, ಹೇಳಲು ಹೊಸದೇನಿಲ್ಲ ಎಂಬ ಕಾರಣಕ್ಕೆ. ಕಂಪನಿಯೇ ಬೆನ್ನು ಬಿದ್ದಿದ್ದಾಗ ಹೀಗೆ ಹೇಳುವ ಕಲಾವಿದರು ಅಪರೂಪ.

ಆ ಕಾಲದ ಎಡಗೈ ಹೇಗಿತ್ತು ಎಂದು ಗೊತ್ತಿದ್ದರೆ ಮುಂದಿನದು ಸುಲಭ. ಪಿಯಾನೊ ವಾದಕ ಬಡ್ ಪೊವೆಲ್‌ನ ಪರಂಪರೆಯಲ್ಲಿ ಎಡಗೈ ಎರಡೇ ಸ್ವರದ ಚಿಪ್ಪು (ಪಾಶ್ಚಾತ್ಯ ಸ್ವರಗಳಿಗೆ ಎಯಿಂದ ಜಿವರೆಗಿನ ಅಕ್ಷರಗಳೇ ಹೆಸರು): ಡಿ ಮೈನರ್ 7 ಬಂದರೆ ಕೆಳಗೆ ಡಿ, ಮೇಲೆ ಸಿ, ಜಿ 7 ಬಂದರೆ ಜಿ, ಬಿ. ರೂಟ್ ಇದೆ, ಜೊತೆಗೆ ಅದರಿಂದ ಎಣಿಸಿದರೆ ಏಳನೆಯದೋ ಮೂರನೆಯದೋ ಒಂದು. ಬಲಗೈಗೆ ಬೇಕಾದಷ್ಟು ಆಸರೆ ಕೊಡುತ್ತದೆ, ಆದರೆ ಬಾಸ್ ವಾದಕ ನುಡಿಸುವ ಅದೇ ರೂಟ್ ಅನ್ನು ಪಿಯಾನೊ ಕೂಡ ಅದೇ ಎತ್ತರದಲ್ಲಿ ಹೇಳುತ್ತಿರುತ್ತದೆ. ಶ್ರುತಿ ಒಂದು ಕೂದಲಷ್ಟು ಹೆಚ್ಚುಕಡಿಮೆಯಾದರೂ ಎರಡೂ ಜಗಳವಾಡುತ್ತವೆ. ಬಾಸ್ ವಾದಕ ಬೇರೆ ಸ್ವರಕ್ಕೆ ಹೋಗಬೇಕೆಂದರೆ ಪಿಯಾನೊ ಬಿಡುವುದಿಲ್ಲ. ಪಿಯಾನೊ ವಾದಕರಾದ ಅಹ್ಮದ್ ಜಮಾಲ್, ರೆಡ್ ಗಾರ್ಲೆಂಡ್ ಇಬ್ಬರೂ ಎವಾನ್ಸ್‌ಗಿಂತ ಮೊದಲೇ ರೂಟ್ ಬಿಟ್ಟು ನುಡಿಸುತ್ತಿದ್ದರು. ಕಂಡುಹಿಡಿದವನು ಎವಾನ್ಸ್ ಎನ್ನುವುದು ಸರಿಯಲ್ಲ. ಅವನು ಮಾಡಿದ್ದು ಒಳಗಿನ ಸ್ವರಗಳ ನಡಿಗೆಯನ್ನು ತಿದ್ದಿ ತೀಡಿದ್ದು.

ಸಿ ಮೇಜರ್‌ನಲ್ಲಿ ನೋಡಿ. ಮಧ್ಯದ ಸಿಗಿಂತ ಕೆಳಗಿನ ಎಫ್ ಮೇಲೆ ಕಿರುಬೆರಳಿಟ್ಟು ಎಫ್, ಎ, ಸಿ, ಇ ಹಿಡಿಯಿರಿ. ಇದು ಡಿ ಮೈನರ್ 7ರ 3, 5, 7, 9 (ಎಂಟಕ್ಕೆ ರೂಟ್ ಮರಳಿ ಬರುತ್ತದೆ, 9 ಅದರ ಮುಂದಿನದು). ಡಿ ಇಲ್ಲವೇ ಇಲ್ಲ. ಈಗ ಜಿ 7ಕ್ಕೆ ಹೋಗಲು ತೋರುಬೆರಳನ್ನು ಸಿಯಿಂದ ಬಿಗೆ ಅರ್ಧ ಸ್ವರ ಇಳಿಸಿದರೆ ಸಾಕು: ಎಫ್, ಎ, ಬಿ, ಇ. ಉಳಿದ ಮೂರು ಬೆರಳು ಕದಲಬೇಕಿಲ್ಲ. ಅಲ್ಲಿಂದ ಸಿ ಮೇಜರ್ 7ಕ್ಕೆ ಇ, ಜಿ, ಬಿ, ಡಿ. ಇಲ್ಲಿ ಬಿ ನಿಲ್ಲುತ್ತದೆ, ಉಳಿದವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಇದನ್ನು ಎ ಮಾದರಿ ಎನ್ನುತ್ತಾರೆ (ಮಾದರಿಯ ಹೆಸರಿನ ಎ, ಬಿ ಸ್ವರಗಳಲ್ಲ, ಬರೀ ಗುರುತು). ಬಿ ಮಾದರಿಯಲ್ಲಿ ಅದೇ ಸ್ವರಗಳು ತಲೆಕೆಳಗಾಗಿ ಸಿ, ಇ, ಎಫ್, ಎ. ನಂತರ ಬಿ, ಇ, ಎಫ್, ಎ. ನಂತರ ಬಿ, ಡಿ, ಇ, ಜಿ. ಇಲ್ಲೂ ಮೊದಲ ನಡೆಯಲ್ಲಿ ಇಳಿಯುವುದು ಒಂದೇ ಸ್ವರ. ಮೂರು ಕಾರ್ಡ್ ಕಳೆದರೂ ಕೈ ಇದ್ದಲ್ಲೇ ಇರುವಂತೆ ಕಾಣುತ್ತದೆ. ಎವಾನ್ಸ್‌ನ ವಿಡಿಯೊಗಳಲ್ಲಿ ಎಡಗೈ ಅಷ್ಟು ಸೋಮಾರಿಯಾಗಿ ಕಾಣುವುದು ಇದರಿಂದ.

ಈ ಸ್ವರಗಳು ಪೂರ್ತಿಯಾಗಿ ಮೊಳೆತದ್ದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆಗಿನ ದಿನಗಳಲ್ಲಿ. 1958ರಲ್ಲಿ ರೆಡ್ ಗಾರ್ಲೆಂಡ್‌ನ ಜಾಗಕ್ಕೆ ಬಂದ ಎವಾನ್ಸ್ ಸುಮಾರು ಎಂಟು ತಿಂಗಳಿದ್ದ. ತಂಡದಲ್ಲಿ ಅವನೊಬ್ಬನೇ ಬಿಳಿಯ. ಕೆಲವು ಕೇಳುಗರಿಗೆ ಅದು ಹಿಡಿಸಲಿಲ್ಲ, ಊರೂರು ಸುತ್ತಾಟದ ದಣಿವೂ ಇತ್ತು, ಹೆರಾಯಿನ್ ಚಟವೂ ಅಂಟಿತ್ತು. ವರ್ಷದ ಕೊನೆಗೆ ಬಿಟ್ಟ. ಆದರೂ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ‘ಕೈಂಡ್ ಆಫ್ ಬ್ಲೂ’ ಮುದ್ರಣಕ್ಕೆ ಮೈಲ್ಸ್ ಕರೆದದ್ದು ಅವನನ್ನೇ. ಆಗ ತಂಡದ ಪಿಯಾನೊ ವಾದಕ ವಿಂಟನ್ ಕೆಲ್ಲಿ. ಐದರಲ್ಲಿ ಒಂದನ್ನು, ಬ್ಲೂಸ್ ಆದ ‘ಫ್ರೆಡ್ಡಿ ಫ್ರೀಲೋಡರ್’ ಅನ್ನು, ಕೆಲ್ಲಿ ನುಡಿಸಿದ. ಉಳಿದ ನಾಲ್ಕನ್ನು ನುಡಿಸಿದವನು ಎವಾನ್ಸ್.

ಅದೇ ಆಲ್ಬಮ್‌ನ ‘ಸೊ ವಾಟ್’ನಲ್ಲಿ ಬಾಸ್ ಒಂದು ಸಾಲು ಕೇಳುತ್ತದೆ, ಪಿಯಾನೊ ಎರಡು ಕಾರ್ಡಿನ ಉತ್ತರ ಕೊಡುತ್ತದೆ. ಕೆಳಗಿನಿಂದ ಇ, ಎ, ಡಿ, ಜಿ, ಬಿ. ಅದರ ಹಿಂದೆಯೇ ಒಂದು ಮೆಟ್ಟಿಲು ಕೆಳಗೆ ಡಿ, ಜಿ, ಸಿ, ಎಫ್, ಎ. ಐದು ಸ್ವರದಲ್ಲಿ ಕೆಳಗಿನ ನಾಲ್ಕರ ನಡುವೆ ಮೂರು ಬಾರಿ ಶುದ್ಧ ಮಧ್ಯಮದ ಅಂತರ, ತುದಿಯಲ್ಲಿ ಮಾತ್ರ ಒಂದು ಮೇಜರ್ ಥರ್ಡ್ (ಷಡ್ಜದಿಂದ ಅಂತರ ಗಾಂಧಾರದಷ್ಟು). ಬರೀ ಮಧ್ಯಮಗಳನ್ನೇ ಪೇರಿಸಿದ್ದರೆ ಕೇಳುವುದಕ್ಕೆ ಒಣಒಣ. ಆ ತುದಿಯ ಥರ್ಡ್ ಅದಕ್ಕೆ ತೇವ ಕೊಡುತ್ತದೆ. 32 ಬಾರ್‌ಗಳ (ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಸುತ್ತು) ಈ ರಚನೆಯಲ್ಲಿ ಡಿ ಡೋರಿಯನ್ (ಡಿಯಿಂದ ಡಿವರೆಗೆ ಬರೀ ಬಿಳಿ ಕೀಗಳ ಸ್ವರಶ್ರೇಣಿ) 16 ಬಾರ್, ಅರ್ಧ ಸ್ವರ ಮೇಲೆ ಇ ಫ್ಲ್ಯಾಟ್ 8 ಬಾರ್, ಮತ್ತೆ ಡಿ 8 ಬಾರ್. ಕಾರ್ಡುಗಳು ಬದಲಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹೀಗಿರುವಲ್ಲಿ ರೂಟ್ ಹೊಡೆಯುತ್ತ ಕೂತರೆ ಎರಡೇ ನಿಮಿಷಕ್ಕೆ ಬೇಸರ. ‘ಬ್ಲೂ ಇನ್ ಗ್ರೀನ್’ನದು ಹತ್ತೇ ಬಾರ್‌ಗಳ ವಿಚಿತ್ರ ಆವರ್ತ, ಆಲ್ಬಮ್ ಮೇಲೆ ಮೈಲ್ಸ್ ಹೆಸರಿದೆ, ತಾನು ಬರೆದದ್ದೆಂದು ಎವಾನ್ಸ್ ಕೊನೆಯವರೆಗೂ ಹೇಳಿದ. ಸ್ವರಗಳ ನಡಿಗೆ ನೋಡಿದರೆ ನನಗಂತೂ ಎವಾನ್ಸ್‌ನ ಕೈಬರಹವೇ ಕಾಣುತ್ತದೆ.

1958ರ ಡಿಸೆಂಬರ್‌ನಲ್ಲಿ ಒಂಟಿಯಾಗಿ ಮುದ್ರಿಸಿದ ‘ಪೀಸ್ ಪೀಸ್’ ಇದಕ್ಕೆಲ್ಲ ಅಪವಾದ. ಪಕ್ಕದಲ್ಲಿ ಬಾಸ್ ಇಲ್ಲ, ಆದ್ದರಿಂದ ಎಡಗೈಯೇ ಕೆಳಗಿನ ಸಿ ಮುಟ್ಟಿ ಮೇಲೆ ಸಿ ಮೇಜರ್ 7, ಜಿ ಮುಟ್ಟಿ ಮೇಲೆ ಜಿ ಸಸ್ಪೆಂಡೆಡ್ (ಮೂರನೆಯ ಸ್ವರದ ಬದಲು ನಾಲ್ಕನೆಯದಿರುವ ಕಾರ್ಡ್). ಆರೂವರೆ ನಿಮಿಷ ಇದೇ ತೂಗಾಟ. ಬಲಗೈ ಮೊದಲು ಒಂದೆರಡು ಸ್ವರಗಳಿಂದ ಶುರುವಾಗಿ ನಡುವಿನಲ್ಲಿ ಕೀಗೆ ಸಂಬಂಧವೇ ಇಲ್ಲದ ಸ್ವರಗಳನ್ನು ಚಿಮ್ಮುತ್ತದೆ. ಎಡಗೈ ನೆಲ ಬಿಡದೆ ನಿಂತಿರುವುದರಿಂದಲೇ ಬಲಗೈಗೆ ಆ ಪುಂಡಾಟ ಸಾಧ್ಯ. ಇದೇ ತೂಗಾಟ ಕೆಲವೇ ತಿಂಗಳಲ್ಲಿ ‘ಕೈಂಡ್ ಆಫ್ ಬ್ಲೂ’ವಿನ ‘ಫ್ಲಮೆಂಕೊ ಸ್ಕೆಚಸ್’ನ ಆರಂಭವಾಯಿತು.

ಇನ್ನು ಬಾಸ್ ವಾದಕ ಸ್ಕಾಟ್ ಲಫಾರೊ. 1959ರ ಡಿಸೆಂಬರ್‌ನಲ್ಲಿ ಎವಾನ್ಸ್, ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಶನ್ ಸೇರಿ ಮೊದಲ ಟ್ರಿಯೊ ಆಲ್ಬಮ್ ಮುದ್ರಿಸಿದರು. ಲಫಾರೊ ತನ್ನ ಬಾಸ್‌ನ ತಂತಿಗಳನ್ನು ಬೆರಳಹಲಗೆಗೆ ಹತ್ತಿರವಾಗುವಂತೆ ಇಳಿಸಿಕೊಂಡಿದ್ದ, ಮೀಟುವುದು ಎರಡು ಬೆರಳಿನಿಂದ ಒಂದಾದ ಮೇಲೊಂದು. ಶಬ್ದ ಸ್ವಲ್ಪ ಕಡಿಮೆ, ವೇಗ ಎರಡರಷ್ಟು. ಬಾರಿಗೆ ನಾಲ್ಕು ಸ್ವರ ನಡೆಸಿಕೊಂಡು ಹೋಗುವುದು ಬಾಸ್‌ನ ಕೆಲಸ ಎಂಬುದನ್ನು ಅವನು ಪಕ್ಕಕ್ಕಿಟ್ಟ. ಪಿಯಾನೊದ ಸಾಲಿಗೆ ಮೇಲಿನ ಸ್ಥಾಯಿಯಲ್ಲಿ ಮರುಮಾತು ಹೇಳುವುದು, ಇದ್ದಕ್ಕಿದ್ದಂತೆ ಮಂದ್ರಕ್ಕೆ ಧುಮುಕಿ ಒಂದೇ ರೂಟ್ ಬಾರಿಸುವುದು, ಎರಡು ಬಾರ್ ಸುಮ್ಮನಿರುವುದು. ಎಡಗೈ ರೂಟ್ ಹಿಡಿದುಕೊಂಡಿದ್ದರೆ ಇದರಲ್ಲಿ ಅರ್ಧದಷ್ಟು ಆಗುತ್ತಿರಲಿಲ್ಲ.

ಒಂದು ಉದಾಹರಣೆ ಕೊಟ್ಟರೆ ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ ಎಫ್, ಎ, ಬಿ, ಇ ಇದೆಯಲ್ಲ, ಅದರ ಕೆಳಗೆ ಬಾಸ್ ಜಿ ಹಾಕಿದರೆ ಅದು ಜಿ 13. ಅದೇ ನಾಲ್ಕು ಸ್ವರದ ಕೆಳಗೆ ಡಿ ಫ್ಲ್ಯಾಟ್ ಹಾಕಿದರೆ ಡಿ ಫ್ಲ್ಯಾಟ್ 7, ಅದೂ ಏರಿಸಿದ ಐದು, ಏರಿಸಿದ ಒಂಬತ್ತರ ಖಾರದ ಜೊತೆ. ಪಿಯಾನೊ ಬೆರಳು ಕದಲಿಸಿಲ್ಲ. ಕಾರ್ಡ್ ಯಾವುದೆಂದು ತೀರ್ಮಾನಿಸಿದವನು ಬಾಸ್ ವಾದಕ. ಎರಡರಲ್ಲಿ ಯಾವುದು ಬಂದರೂ ಮುಂದಿನ ಸಿಗೆ ಇಳಿಯುವ ದಾರಿ ಕೆಡುವುದಿಲ್ಲ.

1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಈ ಮೂವರು ಮಧ್ಯಾಹ್ನ ಎರಡು, ರಾತ್ರಿ ಮೂರು ಸೆಟ್ ನುಡಿಸಿದರು, ಐದನ್ನೂ ಮುದ್ರಿಸಲಾಯಿತು. ಶುರುವಿನಲ್ಲೇ ಕರೆಂಟು ಕೈಕೊಟ್ಟು ಮೊದಲ ಟೇಕ್ ಅರ್ಧಕ್ಕೆ ತುಂಡಾಗಿದೆ. ಗ್ಲಾಸುಗಳ ಸದ್ದು, ನಗು, ಮಾತು ಎಲ್ಲ ಟೇಪಿನಲ್ಲಿವೆ. ಕೇಳುಗರಲ್ಲಿ ಹಲವರು ಕೇಳುತ್ತಿರಲಿಲ್ಲ ಎಂಬುದೂ ಟೇಪಿನಲ್ಲಿದೆ! ಮೊದಲ ಸಲ ಕೇಳುವಾಗ ಬಲಗೈಯನ್ನು ಬಿಟ್ಟು ಬಾಸ್ ಅನ್ನೇ ಹಿಂಬಾಲಿಸಿ. ‘ವಾಲ್ಟ್ಜ್ ಫಾರ್ ಡೆಬ್ಬಿ’ಯಲ್ಲಿ ಮುಖ್ಯ ರಾಗ ಮೂರರ ಎಣಿಕೆಯಲ್ಲಿ ಮುಗಿದು ಸೋಲೊಗೆ ನಾಲ್ಕರ ಎಣಿಕೆ ಬರುತ್ತದೆ, ಆ ತಿರುವಿನಲ್ಲಿ ಮೂವರೂ ಹೇಗೆ ಒಟ್ಟಿಗೆ ಇಳಿಯುತ್ತಾರೆಂದು ನೋಡಿ.

ಹನ್ನೊಂದೇ ದಿನದ ಮೇಲೆ, ಜುಲೈ 6ರಂದು, ನ್ಯೂಯಾರ್ಕ್ ರಾಜ್ಯದ ಹೆದ್ದಾರಿಯೊಂದರಲ್ಲಿ ಕಾರು ಅಪಘಾತವಾಗಿ ಲಫಾರೊ ತೀರಿಕೊಂಡ. ವಯಸ್ಸು 25. ಎವಾನ್ಸ್ ಕೆಲವು ತಿಂಗಳು ಸಾರ್ವಜನಿಕವಾಗಿ ನುಡಿಸಲೇ ಇಲ್ಲ. 1962ರಲ್ಲಿ ಚಕ್ ಇಸ್ರೇಲ್ಸ್ ಬಂದ. ನೆಲ ಕಾಯುವ, ಮಿತಭಾಷಿ ಬಾಸ್ ವಾದಕ. ಆಗಿನ ‘ಮೂನ್ ಬೀಮ್ಸ್’ನಲ್ಲಿ ನಿಧಾನ ಗೀತೆಗಳೇ ತುಂಬಿವೆ. ಅದೇ ವರ್ಷ ಗಿಟಾರಿನ ಜಿಮ್ ಹಾಲ್ ಜೊತೆ ಇಬ್ಬರೇ ಕೂತು ಮುದ್ರಿಸಿದ ‘ಅಂಡರ್‌ಕರೆಂಟ್’ ನನ್ನ ಮಟ್ಟಿಗೆ ಇನ್ನೂ ದೊಡ್ಡ ಕೆಲಸ. ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಒಬ್ಬ ಸೋಲೊ ನುಡಿಸುವಾಗ ಇನ್ನೊಬ್ಬ ನೆಲವಾಗಬೇಕು. ಪಿಯಾನೊ, ಗಿಟಾರ್ ಎರಡೂ ಕಾರ್ಡ್ ನುಡಿಸುವ ವಾದ್ಯಗಳಾದ್ದರಿಂದ ಸಾಮಾನ್ಯವಾಗಿ ಒಂದರ ಕಾಲನ್ನು ಇನ್ನೊಂದು ತುಳಿಯುತ್ತದೆ. ಇಲ್ಲಿ ಹಾಗಾಗಿಲ್ಲ, ಏಕೆಂದರೆ ಇಬ್ಬರೂ ಮೂರು ನಾಲ್ಕು ಸ್ವರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಹೆರಾಯಿನ್ ಆ ವರ್ಷಗಳಲ್ಲಿ ಎಷ್ಟು ಕಾಡಿತೆಂದರೆ, ಒಮ್ಮೆ ಸೂಜಿ ನರಕ್ಕೆ ತಾಗಿ ಬಲಗೈ ಮರಗಟ್ಟಿಹೋಯಿತು. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ವ್ಯಾನ್‌ಗಾರ್ಡ್‌ನಲ್ಲಿ ಎಡಗೈ ಒಂದರಲ್ಲೇ, ಪೆಡಲ್ ಸಹಾಯದಿಂದ ನುಡಿಸಿ ಮುಗಿಸಿದ. ನ್ಯೂಯಾರ್ಕಿನ ಬೇರೆ ಪಿಯಾನೊ ವಾದಕರು ನೋಡಲು ಬಂದರು. ಇದನ್ನು ಸಾಹಸವೆಂದು ಹೇಳುವವರಿದ್ದಾರೆ. ದುಡ್ಡಿನ ಅಡಚಣೆ ಎನ್ನುವುದು ಹೆಚ್ಚು ಹತ್ತಿರದ ಮಾತು.

1963ರ ‘ಕಾನ್ವರ್ಸೇಶನ್ಸ್ ವಿತ್ ಮೈಸೆಲ್ಫ್’ನಲ್ಲಿ ಬಾಸ್ ವಾದಕನ ಪ್ರಶ್ನೆಯನ್ನೇ ತೆಗೆದುಹಾಕಿ ಮೂರು ಪಿಯಾನೊಗಳನ್ನೂ ತಾನೇ, ಒಂದರ ಮೇಲೊಂದು ಮುದ್ರಿಸಿದ. ಗ್ರ್ಯಾಮಿ ಬಂತು, ಒಟ್ಟು ಏಳು ಗ್ರ್ಯಾಮಿಗಳಲ್ಲಿ ಅದು ಮೊದಲನೆಯದು. ಮೂರು ಪಿಯಾನೊ ಸೇರಿದಲ್ಲಿ ದಟ್ಟಣೆ ಜಾಸ್ತಿ, ಉಸಿರಾಡಲು ಜಾಗ ಕಡಿಮೆ ಎನ್ನುವುದು ನನ್ನ ತಕರಾರು.

1966ರಲ್ಲಿ ಬಂದ ಬಾಸ್ ವಾದಕ ಎಡ್ಡಿ ಗೊಮೆಝ್ ಹನ್ನೊಂದು ವರ್ಷ ಇದ್ದ. ಇವನೂ ಮೇಲಿನ ಸ್ಥಾಯಿಯ ಚತುರ. 1968ರ ಮಾಂಟ್ರೂ ಉತ್ಸವದ ಮುದ್ರಣದಲ್ಲಿ ಜ್ಯಾಕ್ ಡಿಜಾನೆಟ್ ಡ್ರಮ್ಸ್‌ಗೆ ಕೂತದ್ದರಿಂದ ಬೇರೆಯದೇ ಕಾವು ಇದೆ. ಎಪ್ಪತ್ತರ ದಶಕದಲ್ಲಿ ಹೆರಾಯಿನ್ ಬಿಟ್ಟು ಮೆಥಡೋನ್ ಚಿಕಿತ್ಸೆ ಹಿಡಿದ, ಮದುವೆಯಾದ, 1975ರಲ್ಲಿ ಮಗ ಹುಟ್ಟಿದ. ಅದೇ ವರ್ಷ ಗಾಯಕ ಟೋನಿ ಬೆನೆಟ್ ಜೊತೆ ಬರೀ ಪಿಯಾನೊ-ಕಂಠದ ಆಲ್ಬಮ್. ಗಾಯಕರ ಜೊತೆ ನುಡಿಸುವವರು ಅದನ್ನು ಕೇಳಬೇಕು: ಸಾಲು ನಡೆಯುವಾಗ ಪಿಯಾನೊ ತಗ್ಗಿ, ಸಾಲು ಮುಗಿದ ಕಡೆ ಮಾತ್ರ ತುಂಬುತ್ತದೆ.

1979ರಲ್ಲಿ ಅಣ್ಣ ಹ್ಯಾರಿ ಆತ್ಮಹತ್ಯೆ ಮಾಡಿಕೊಂಡ. ಅಷ್ಟರಲ್ಲಿ ಚಟ ಕೊಕೇನ್ ರೂಪದಲ್ಲಿ ಮರಳಿತ್ತು. ಆದರೆ ಬಾಸ್‌ನ ಮಾರ್ಕ್ ಜಾನ್ಸನ್, ಡ್ರಮ್ಸ್‌ನ ಜೋ ಲಬಾರ್ಬೆರಾ ಜೊತೆಗಿನ ಕೊನೆಯ ಟ್ರಿಯೊ, ಲಫಾರೊ ಕಾಲದ ಟ್ರಿಯೊಗೆ ಸಮ ಎಂದು ಎವಾನ್ಸ್‌ಗೇ ಅನ್ನಿಸಿತ್ತು. ‘ನಾರ್ಡಿಸ್’ ಎಂಬ ರಚನೆಯ 1980ರ ಮುದ್ರಣಗಳನ್ನು ಕೇಳಿ: ಆರಂಭದಲ್ಲಿ ಒಂಟಿ ಪಿಯಾನೊ ನಿಮಿಷಗಟ್ಟಲೆ ಅಲೆಯುತ್ತದೆ, ಬಾಸ್ ಇಲ್ಲದ ಆ ಹೊತ್ತಿನಲ್ಲಿ ಎಡಗೈ ಮಂದ್ರದ ತುದಿಯವರೆಗೂ ಇಳಿದು ಗುಡುಗುತ್ತದೆ. 1958ರ ಎವಾನ್ಸ್ ಹೀಗೆ ನುಡಿಸಿದವನಲ್ಲ. ಸೆಪ್ಟೆಂಬರ್ ಎರಡನೇ ವಾರದವರೆಗೂ ವೇದಿಕೆಯಲ್ಲಿದ್ದ. 15ರಂದು ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯಲ್ಲಿ ತೀರಿಕೊಂಡ. ಹುಣ್ಣು, ಸಿರೋಸಿಸ್, ನ್ಯುಮೋನಿಯಾ, ಚಿಕಿತ್ಸೆ ಮಾಡಿಸದೆ ಬಿಟ್ಟ ಹೆಪಟೈಟಿಸ್. ವಯಸ್ಸು 51.

ಪಿಯಾನೊ ಮುಂದೆ ಕೂತು ಇದನ್ನು ಪ್ರಯತ್ನಿಸುವವರಿಗೆ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಮೊದಲನೆಯ ತೊಂದರೆ ಎತ್ತರದ್ದು. ಮಧ್ಯದ ಸಿಗಿಂತ ಕೆಳಗಿನ ಡಿಯಿಂದಾಚೆ ಕಿರುಬೆರಳು ಇಳಿದರೆ ನಾಲ್ಕು ಸ್ವರ ಕೆಸರಾಗುತ್ತದೆ: ಮಂದ್ರದಲ್ಲಿ ಹತ್ತಿರ ಹತ್ತಿರದ ಸ್ವರಗಳ ಉಪಸ್ವರಗಳು ಒಂದರ ಮೇಲೊಂದು ಬೀಳುತ್ತವೆ, ಕಿವಿಗೆ ಬಿಡಿಸಿ ಕೇಳಲಾಗುವುದಿಲ್ಲ. ತೀರಾ ಮೇಲೆ ಹೋದರೆ ಬಲಗೈಗೆ ಜಾಗವಿರುವುದಿಲ್ಲ. ಎ, ಬಿ ಎರಡು ಮಾದರಿ ಇರುವುದೇ ಇದಕ್ಕಾಗಿ. ಒಂದು ಕೆಳಗೆ ಜಾರಿತೆಂದಾಗ ಇನ್ನೊಂದಕ್ಕೆ ಹಾರಬೇಕು.

‘ಆಟಮ್ ಲೀವ್ಸ್’ ಹಾಡು ಜಿ ಮೈನರ್‌ನಲ್ಲಿ ಇದಕ್ಕೆ ಒಳ್ಳೆಯ ಅಭ್ಯಾಸ. ಸಿ ಮೈನರ್ 7ಕ್ಕೆ ಇ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್, ಡಿ. ಎಫ್ 7ಕ್ಕೆ ಬಿ ಫ್ಲ್ಯಾಟ್ ಮಾತ್ರ ಎಗೆ ಇಳಿಯುತ್ತದೆ. ಬಿ ಫ್ಲ್ಯಾಟ್ ಮೇಜರ್ 7ಕ್ಕೆ ಡಿ, ಎಫ್, ಎ, ಸಿ. ಇ ಫ್ಲ್ಯಾಟ್ ಮೇಜರ್ 7ಕ್ಕೆ ಡಿ, ಎಫ್ ನಿಂತು ಜಿ, ಬಿ ಫ್ಲ್ಯಾಟ್. ಮುಂದಿನ, ಐದನೆಯ ಸ್ವರ ಅರ್ಧ ತಗ್ಗಿದ ಮೈನರ್ 7 ಆದ ಎ ಹಾಫ್ ಡಿಮಿನಿಶ್ಡ್‌ಗೆ ಅದೇ ದಾರಿಯಲ್ಲಿ ಇಳಿದರೆ ಕಿರುಬೆರಳು ಗಡಿ ದಾಟುತ್ತದೆ. ಆದ್ದರಿಂದ ಇಲ್ಲಿ ಕೈ ಮೇಲೆತ್ತಿ ಜಿ, ಎ, ಸಿ, ಇ ಫ್ಲ್ಯಾಟ್ ಹಿಡಿಯಿರಿ. ಡಿ 7ಕ್ಕೆ ಎಫ್ ಶಾರ್ಪ್, ಬಿ ಫ್ಲ್ಯಾಟ್, ಸಿ, ಇ ಫ್ಲ್ಯಾಟ್. ಜಿ ಮೈನರ್‌ಗೆ ಎಫ್, ಎ, ಬಿ ಫ್ಲ್ಯಾಟ್, ಡಿ. ಕಿರುಬೆರಳು ಜಿ, ಎಫ್ ಶಾರ್ಪ್, ಎಫ್ ಎಂದು ಅರ್ಧರ್ಧ ಸ್ವರ ಇಳಿಯುವುದನ್ನು ಒಂಟಿಯಾಗಿ ನುಡಿಸಿ ಕೇಳಿ, ಅದೇ ಒಂದು ರಾಗದಂತಿರುತ್ತದೆ.

ಗಮನಿಸಿದ್ದರೆ, ಎ ಹಾಫ್ ಡಿಮಿನಿಶ್ಡ್‌ನಲ್ಲಿ ರೂಟ್ ಬಿಟ್ಟಿಲ್ಲ. ಬಿಟ್ಟು ಒಂಬತ್ತನೆಯದನ್ನು ಹಾಕಿದರೆ ಬಿ ಬರುತ್ತದೆ, ಜಿ ಮೈನರ್‌ಗೆ ಅದು ಪರಕೀಯ. ಸಿ ಮೇಜರ್‌ನಲ್ಲಿ ಇ ಮೈನರ್ 7 ಬಂದಾಗಲೂ ಇದೇ ಎಡವಟ್ಟು: 3, 5, 7, 9 ಎಂದು ಕಣ್ಣುಮುಚ್ಚಿ ಹಿಡಿದರೆ ಎಫ್ ಶಾರ್ಪ್ ನುಸುಳುತ್ತದೆ. ಅಲ್ಲಿ ಜಿ, ಬಿ, ಡಿ, ಇ ಸಾಕು. ಮೈನರ್‌ಗೆ ಇಳಿಯುವ 7ರ ಕಾರ್ಡುಗಳಲ್ಲಿ ಒಂಬತ್ತು, ಹದಿಮೂರು ಎರಡನ್ನೂ ಅರ್ಧ ಸ್ವರ ತಗ್ಗಿಸಿಕೊಳ್ಳಬೇಕು. ಮೇಲಿನ ಡಿ 7ರಲ್ಲಿ ಇ ಫ್ಲ್ಯಾಟ್, ಬಿ ಫ್ಲ್ಯಾಟ್ ಬಂದದ್ದು ಹಾಗೆ.

ಬಿ ಮಾದರಿಯ ಮಧ್ಯದಲ್ಲಿ ಇ-ಎಫ್ ತರಹದ ಅರ್ಧ ಸ್ವರದ ಜೋಡಿ ಕೂತಿರುತ್ತದೆ. ನಾಲ್ಕೂ ಬೆರಳಿಗೆ ಒಂದೇ ಭಾರ ಕೊಟ್ಟರೆ ಅದು ಚುಚ್ಚುತ್ತದೆ. ಹೆಬ್ಬೆರಳಿನ ಮೇಲಿನ ಸ್ವರಕ್ಕೆ ತುಸು ಹೆಚ್ಚು, ಒಳಗಿನ ಜೋಡಿಗೆ ಕಡಿಮೆ ಭಾರ ಕೊಟ್ಟು ನೋಡಿ. ಎವಾನ್ಸ್‌ನ ಸ್ಪರ್ಶ ಎನ್ನುವುದರಲ್ಲಿ ಅರ್ಧ ಭಾಗ ಇದೇ. ಲಯದ್ದು ಇನ್ನೊಂದು: ಪ್ರತಿ ಬಾರಿನ ಮೊದಲ ಎಣಿಕೆಗೇ ಕಾರ್ಡ್ ಇಟ್ಟರೆ ಕವಾಯತು ಆಗುತ್ತದೆ. ಮುಂದಿನ ಬಾರಿನ ಕಾರ್ಡನ್ನು ನಾಲ್ಕನೇ ಎಣಿಕೆಯ ಉತ್ತರಾರ್ಧದಲ್ಲೇ ಇಟ್ಟು, ಒಂದರ ಮೇಲೆ ಸುಮ್ಮನಿರಿ. ಬಲಗೈಯಲ್ಲಿ ಮೂರು ಎಣಿಕೆಯ ತುಣುಕೊಂದನ್ನು ನಾಲ್ಕರ ಬಾರಿನ ಮೇಲೆ ಸುತ್ತಿಸಿದರೆ ಮೂರು ಬಾರ್ ಕಳೆದು ಮತ್ತೆ ಒಂದಕ್ಕೆ ಬರುತ್ತದೆ. ಎವಾನ್ಸ್‌ನ ಸಾಲುಗಳು ಬಾರಿನ ಗೆರೆಯನ್ನು ದಾಟಿ ಹರಿಯುವುದು ಇಂಥ ಲೆಕ್ಕದಿಂದ. ಕಾಲಿನಲ್ಲಿ ಎರಡು, ನಾಲ್ಕನ್ನು ತಟ್ಟುತ್ತ ಅಭ್ಯಾಸ ಮಾಡದಿದ್ದರೆ ಎರಡನೇ ಬಾರಿಗೇ ಕಳೆದುಹೋಗುತ್ತೀರಿ.

ಒಂಟಿಯಾಗಿ ಕೂತು ಅಭ್ಯಾಸ ಮಾಡುವಾಗ ಎಲ್ಲ ಸರಿಯಿದ್ದರೂ ತೇಲಿದಂತೆ ಕೇಳುತ್ತದೆ, ಏಕೆಂದರೆ ಎಫ್, ಎ, ಸಿ, ಇ ಎನ್ನುವುದು ಬಾಸ್ ಇಲ್ಲದಾಗ ಎಫ್ ಮೇಜರ್ 7 ಕೂಡ ಹೌದು. ಫೋನಿನಲ್ಲಿ ಬರೀ ರೂಟ್‌ಗಳನ್ನು, ಬಾರಿಗೆ ಎರಡರಂತೆ, ಮಂದ್ರದಲ್ಲಿ ಮುದ್ರಿಸಿಟ್ಟುಕೊಂಡು ಅದರ ಮೇಲೆ ನುಡಿಸಿ. ಬಾಸ್ ವಾದಕರು ಸಿಕ್ಕರೆ ಮೊದಲು ಅವರಿಂದಲೂ ಅಷ್ಟನ್ನೇ ಕೇಳಿ. ಇಬ್ಬರಿಗೂ ಹಾಡಿನ 32 ಬಾರ್ ಎಣಿಸದೆ ತಿಳಿಯುವಂತಾದ ಮೇಲೆ ಜಿ ಬದಲು ಡಿ ಫ್ಲ್ಯಾಟ್ ಹಾಕಲು ಹೇಳಬಹುದು. ಅದಕ್ಕೂ ಮೊದಲು ಹಾಕಿದರೆ ಇಬ್ಬರಲ್ಲಿ ತಪ್ಪಿದವರು ಯಾರೆಂದೇ ಗೊತ್ತಾಗುವುದಿಲ್ಲ.